ಹಂಪವ್ವ ಹೇಳಿದ್ದು, ನಾನು ಬರೆದದ್ದು

ಹರಿಹರದ ತಾಲ್ಲೂಕು ಕಚೇರಿಯ ಎದುರಿಗೆ ಒಂದು ಬೇವಿನ ಮರವಿತ್ತು. ಅದರ ಕೆಳಗೆ ಚಾಪೆ ಹಾಸಿ, ಮುಂದೆ ಒಂದು ಗಿಡ್ಡ ಮೇಜು ಇಟ್ಟುಕೊಂಡು ನಾನು ಇಪ್ಪತ್ತೆರಡು ವರ್ಷ ಜನರ ಅರ್ಜಿ ಬರೆದೆ. ಊರಿನಲ್ಲಿ ನನ್ನನ್ನು ಅರ್ಜಿ ಹಾಲೇಶಪ್ಪ ಎನ್ನುತ್ತಿದ್ದರು. ನನ್ನ ಹತ್ತಿರ ಸರ್ಕಾರದ ಲೈಸೆನ್ಸ್ ಇತ್ತು. ಅದಕ್ಕಿಂತ ಹೆಚ್ಚಾಗಿ ಜಂಬವಿತ್ತು. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಒಬ್ಬ ಅಮಲ್ದಾರರು ಎಂದೋ ಒಂದು ದಿನ ಹೇಳಿದ್ದರು. ಅದನ್ನು ನಾನು ಕಡಿಮೆಯೆಂದರೂ ಇನ್ನೂರು ಜನರ ಕಿವಿಗೆ ಹಾಕಿದ್ದೇನೆ.

ಜನ ಅಳುತ್ತಾ, ಬೈಯುತ್ತಾ, ಹಿಂದುಮುಂದಾಗಿ ಏನೇನೋ ಹೇಳುತ್ತಿದ್ದರು. ನಾನು ಅದನ್ನೆಲ್ಲ ಸೋಸಿ ಕಚೇರಿಗೆ ಒಪ್ಪುವ ಹಾಗೆ ಮಾಡಿ ಕೊಡುತ್ತಿದ್ದೆ. ಯಾರೇ ಬರಲಿ, ಅರ್ಜಿಯ ಶುರು ಒಂದೇ, ಕೊನೆ ಒಂದೇ. ಹೆಸರು, ಊರು, ಹೊಡೆದವನು ಯಾರು, ಹೊಡೆದದ್ದು ಯಾವುದರಿಂದ ಎನ್ನುವುದಷ್ಟೇ ಬೇರೆಯಾಗುತ್ತಿತ್ತು. ಹೊಡೆತ ತಿಂದವರ ದೂರಾದರೆ 'ಸದರಿ ಆಸಾಮಿಯನ್ನು ನಾನು ಕಣ್ಣಾರೆ ಕಂಡು ಗುರುತಿಸಿರುತ್ತೇನೆ' ಎಂಬ ಸಾಲು ಇರಲೇಬೇಕು. ಕೊನೆಯಲ್ಲಿ 'ಅರ್ಜಿದಾರರು ಹೇಳಿದಂತೆ ಬರೆದು, ಓದಿ ಹೇಳಿ, ಸರಿ ಎಂದು ಒಪ್ಪಿದ ಮೇಲೆ ರುಜು ಪಡೆಯಲಾಗಿದೆ' ಎಂಬ ಸಾಲು, ಅದರ ಕೆಳಗೆ ನನ್ನ ಸಹಿ. ಈ ಎರಡು ಸಾಲುಗಳನ್ನು ಬರೆಯುವಾಗ ನಾನು ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಲೂ ಇರುತ್ತಿದ್ದೆ. ಕೈ ತನ್ನಷ್ಟಕ್ಕೆ ತಾನು ಬರೆದುಬಿಡುತ್ತಿತ್ತು.

ಹಂಪವ್ವ ನಮ್ಮ ಓಣಿಯವಳೇ. ನಾಲ್ಕು ವರ್ಷದವಳಿದ್ದಾಗ ಸಿಡುಬು ಎದ್ದು ಎರಡೂ ಕಣ್ಣು ಹೋದವು. ಅಕ್ಕ ಮರಿಯವ್ವನ ಮನೆಯಲ್ಲಿದ್ದಳು. ಮದುವೆಯಾಗಲಿಲ್ಲ. ಹಾಗಂತ ಯಾರ ಹಂಗಿನಲ್ಲೂ ಇರಲಿಲ್ಲ. ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಶಿವಮೂರ್ತಪ್ಪ ಸಾಹುಕಾರರ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿತ್ತು. ಅಲ್ಲಿ ಅವಳಿಗೆ ಕೆಲಸ. ಮೊದಲು ಹತ್ತಿಯೊಳಗಿನ ಕಸ, ಒಣ ಎಲೆ ಆರಿಸಲು ಇಟ್ಟುಕೊಂಡಿದ್ದರು. ಬರಬರುತ್ತಾ ಸಾಹುಕಾರರಿಗೆ ಅವಳ ಬೆರಳಿನ ಗುಣ ಗೊತ್ತಾಯಿತು. ಒಂದು ಹಿಡಿ ಹತ್ತಿಯನ್ನು ಅಂಗೈಯಲ್ಲಿ ಇಟ್ಟರೆ ಸಾಕು, ಎರಡು ಬೆರಳಿನಲ್ಲಿ ಎಳೆ ಜಗ್ಗಿ, ಇದು ಲಕ್ಷ್ಮಿ ಹತ್ತಿ, ಇದು ಜಯಧರ, ಇದರಲ್ಲಿ ನಾಡಹತ್ತಿ ಬೆರೆಸಿದ್ದಾರೆ, ಇದನ್ನು ಇಬ್ಬನಿ ಆರುವ ಮೊದಲೇ ಬಿಡಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ದಾವಣಗೆರೆ ಮಿಲ್ಲಿನವರು ಖರೀದಿಗೆ ಬಂದಾಗ ಸಾಹುಕಾರರು ಅವಳನ್ನು ಕೂರಿಸಿಕೊಂಡು ಇದನ್ನೊಂದು ತಮಾಷೆಯೆಂಬಂತೆ ತೋರಿಸುತ್ತಿದ್ದರು. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಆ ದಿನ ಅವಳು ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಹೋಗುತ್ತಿದ್ದಳು.

ನನ್ನ ಮರದ ಕೆಳಗೂ ಆಗಾಗ ಬಂದು ಕೂರುತ್ತಿದ್ದಳು. ನನಗೆ ನಶ್ಯದ ಚಟ. ಒಂದು ಚಿಟಿಕೆ ಏರಿಸಿದರೆ ಗಂಟಲಿನಿಂದ ಒಡಕು ತಮಟೆಯಂಥ ಒಂದು ಕೆಮ್ಮು ಬರುತ್ತಿತ್ತು. ಅದನ್ನು ಕೇಳಿ ರಸ್ತೆಯ ಆಚೆಯಿಂದಲೇ "ಹಾಲೇಶಣ್ಣ ಇವತ್ತು ಲಗೂನ ಬಂದಾರೆ" ಎನ್ನುತ್ತಿದ್ದಳು. ಒಮ್ಮೆ ನನ್ನ ಹಾಳೆಯ ಮೇಲೆ ಬೆರಳಾಡಿಸಿ, "ಕಾಗದ ಬದ್ಲಿ ಮಾಡೀರಿ ಅಲ್ಲಾ? ಮೊದಲಿಂದೇ ಚಲೋ ಇತ್ತು" ಎಂದಳು. ನಿಜವಾಗಿ ನಾನು ಅಗ್ಗದ ಕಾಗದ ತಂದಿದ್ದೆ. ಅದನ್ನು ಬೇರೆ ಯಾರೂ ಕಂಡುಹಿಡಿದಿರಲಿಲ್ಲ.

ಜಿನ್ನಿನಲ್ಲಿ ಕೆಂಚವೀರಪ್ಪ ಎಂಬುವನು ಮೇಸ್ತ್ರಿಯಾಗಿದ್ದ. ಗಾಡಿಯಿಂದ ಇಳಿದ ಪ್ರತಿ ಅಂಡಿಗೆ ಚೀಲದಿಂದಲೂ ಒಂದೊಂದು ಹಿಡಿ ಹತ್ತಿ ತೆಗೆದು ಹಂಪವ್ವನ ಅಂಗೈಗೆ ಇಡುವುದು ಅವನ ಕೆಲಸ. ಮೂರು ವರ್ಷ, ದಿನಕ್ಕೆ ನೂರು ಸಲವಾದರೂ ಅವನ ಕೈ ಅವಳ ಕೈಗೆ ತಾಗುತ್ತಿತ್ತು. ಐವತ್ತೇಳನೆಯ ಇಸವಿಯ ಸುಗ್ಗಿಯಲ್ಲಿ ಮಿಲ್ಲಿನವರು ಬಂದು ಕೂತಿದ್ದಾಗ ಅವನು ಎಂದಿನಂತೆ ಒಂದು ಹಿಡಿ ಕೊಟ್ಟ. ಹಂಪವ್ವನಿಗೆ ಏನು ಅನುಮಾನ ಬಂತೋ, ಎದ್ದು ಹೋಗಿ ತಾನೇ ಅಂಡಿಗೆಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. "ಮ್ಯಾಲಿಂದು ಒಣಗೈತೆ ಸಾವ್ಕಾರ್ರೇ, ಹೊಟ್ಟಿಯೊಳಗ ನೀರು ಹೊಡೆದಾರೆ" ಎಂದಳು. ತೂಕ ಬರಲೆಂದು ಮೇಸ್ತ್ರಿಯೇ ನೀರು ಚಿಮುಕಿಸಿ, ಆ ಹತ್ತಿ ತಂದ ವ್ಯಾಪಾರಿಯ ಜೊತೆ ಹೆಚ್ಚಿನ ದುಡ್ಡನ್ನು ಪಾಲು ಮಾಡಿಕೊಂಡಿದ್ದ. ಸಾಹುಕಾರರು ಮಿಲ್ಲಿನವರ ಎದುರೇ ಅವನ ಮಾನ ಕಳೆದರು. ಆದರೆ ಕೆಲಸದಿಂದ ಬಿಡಿಸಲಿಲ್ಲ. ಅವನಿಲ್ಲದೆ ಜಿನ್ನು ನಡೆಯುತ್ತಿರಲಿಲ್ಲ.

ಅದಾದ ನಾಲ್ಕನೆಯ ದಿನ. ಸಂಜೆ ಕೆಲಸ ಬಿಟ್ಟು ಹೆಂಗಸರೆಲ್ಲ ಮುಂದೆ ಹೋಗಿದ್ದರು. ಹಂಪವ್ವ ಉಗ್ರಾಣದ ಗೋಡೆ ಹಿಡಿದುಕೊಂಡು ಹಿಂದೆ ಬರುತ್ತಿದ್ದಳು. ಯಾರೋ ಬಂದು ಅವಳ ಎರಡೂ ಕೈಗಳನ್ನು ಹಿಡಿದು ಎಳೆದು, ಬೆರಳುಗಳನ್ನು ಉಗ್ರಾಣದ ಕಬ್ಬಿಣದ ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಹಾಕಿದರು. ಮತ್ತೆ ತೆಗೆದು ಮತ್ತೆ ಹಾಕಿದರು. ಹಾಕಿದವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ದಾವಣಗೆರೆ ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳು ತೆಗೆದರು. ಉಳಿದವುಗಳಿಗೆ ಪಟ್ಟಿ ಸುತ್ತಿ ಕಳಿಸಿದರು. ಊರಿಗೆ ಬಂದವಳು ಮನೆಗೂ ಹೋಗದೆ ಮರಿಯವ್ವನ ಭುಜ ಹಿಡಿದುಕೊಂಡು ನೇರ ನನ್ನ ಮರದ ಕೆಳಗೆ ಬಂದಳು. ಎರಡೂ ಕೈಗಳು ಪಟ್ಟಿಯಲ್ಲಿ ಊದಿಕೊಂಡಿದ್ದವು. ನಾನು ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟೆ.

"ಯಾರು ಅಂತ ಗೊತ್ತೈತಾ ತಂಗಿ?" ಎಂದೆ.

"ಕೆಂಚವೀರಪ್ಪ" ಎಂದಳು. ಒಂದು ಕ್ಷಣವೂ ತಡೆಯಲಿಲ್ಲ.

"ಮಾತಾಡಿದ್ನಾ?"

"ಇಲ್ಲ. ಕೈ ಹಿಡಿದ್ನಲ್ಲಣ್ಣ, ಸಾಕಾತು. ಮೂರು ವರ್ಷ ದಿನಾ ಆ ಕೈ ನನ್ನ ಕೈಯಾಗ ಹತ್ತಿ ಇಟ್ಟೈತೆ. ಹೆಬ್ಬೆಟ್ಟಿನ ಬುಡದಾಗ ಒಂದು ಗಂಟು ಐತೆ, ಹುಣಸೆಬೀಜದಷ್ಟು. ಹಗ್ಗ ಜಗ್ಗೋರಿಗೆಲ್ಲ ಅಂಥದ್ದು ಇರ್ತತೆ. ಆದ್ರ ಇವನದು ಒಂದು ಕಡೆ ಸೀಳೈತೆ. ಹಿಡಿಯೋವಾಗ ಮೊದ್ಲು ಬೆರಳ ತುದಿ ಒತ್ತುತಾನೆ, ಆಮ್ಯಾಲೆ ಅಂಗೈ ಹತ್ತುತ್ತೆ. ಬೇರೆ ಯಾರೂ ಹಂಗ ಹಿಡಿಯಂಗಿಲ್ಲ. ನಿಮಗ ಮುಖ ಹೆಂಗೋ ನನಗ ಕೈ ಹಂಗೆ."

ನಾನು ಬರೆದೆ. ಕೋಪದಿಂದ ಬರೆದೆ. ನನ್ನ ಅಕ್ಷರ ಹಿಂದೆಂದೂ ಅಷ್ಟು ಚೆಂದ ಬಂದಿರಲಿಲ್ಲ. ಒಂದೇ ಒಂದು ಚಿತ್ತಿಲ್ಲದೆ ಎರಡು ಪುಟ ತುಂಬಿತು. ಆಮೇಲೆ ಓದಿ ಹೇಳತೊಡಗಿದೆ. 'ಕಣ್ಣಾರೆ ಕಂಡು ಗುರುತಿಸಿರುತ್ತೇನೆ' ಎನ್ನುವಲ್ಲಿಗೆ ಬಂದಾಗ ಹಂಪವ್ವ ತಲೆಯೆತ್ತಿದಳು.

"ಅಣ್ಣಾ, ಅದು ಯಾಕ? ನಾ ಎಲ್ಲಿ ಕಂಡೆ? ಕೈಯಿಂದ ಗೊತ್ತಾತು ಅಂದೆ."

ನನಗೆ ಆಗಲೇ ತಪ್ಪು ಗೊತ್ತಾಯಿತು. ಕುರುಡಿಯ ದೂರಿನಲ್ಲಿ ಅಂಥ ಸಾಲು ಬರೆದಿದ್ದೆನಲ್ಲ ಎಂದು ನಾಚಿಕೆಯಾಯಿತು. ಆ ಹಾಳೆ ಹರಿದು ಇನ್ನೊಂದು ಬರೆದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಎರಡು ಪುಟ ಅಷ್ಟು ಚೆನ್ನಾಗಿ ಬಂದಿತ್ತು. ಹೊಡೆದು ಹಾಕಿ ಚಿತ್ತು ಮಾಡಲೂ ಮನಸ್ಸಾಗಲಿಲ್ಲ. ಓದುಬರಹ ಬಾರದ ಹೆಂಗಸೊಬ್ಬಳು ನನ್ನ ಅರ್ಜಿಯಲ್ಲಿ ತಪ್ಪು ಹಿಡಿದಳಲ್ಲ ಎಂಬ ಸಿಟ್ಟೂ ಇತ್ತು.

"ಅರ್ಜಿ ಬರೆಯೋದು ನನಗ ಬಿಡು ತಂಗಿ" ಎಂದೆ. "ಕೈಯಿಂದ ಗೊತ್ತಾತು ಅಂತ ಬರೆದ್ರೆ ಸ್ಟೇಷನ್ನಿನಾಗ ನಗ್ತಾರೆ. ಕೋರ್ಟಿಗೆ ಕಣ್ಣೇ ಬೇಕು. ಹಿಂಗಿದ್ರೆನೇ ಕೇಸು ನಿಲ್ಲೋದು."

"ಹಂಗಂತೀರಾ?" ಎಂದಳು. ಮರಿಯವ್ವ "ಅವರಿಗೆ ಗೊತ್ತಿರ್ತತೆ, ನೀ ಸುಮ್ಕಿರು" ಎಂದಳು.

ಹೆಬ್ಬೆಟ್ಟು ಒತ್ತಲು ಕೈಗಳಿರಲಿಲ್ಲ. ಎಡಗಾಲಿನ ಹೆಬ್ಬೆರಳಿಗೆ ಮಸಿ ಹಚ್ಚಿ, ಹಾಳೆಯನ್ನು ನೆಲದ ಮೇಲಿಟ್ಟು ಗುರುತು ಹಾಕಿಸಿದೆ. ಕಾಗದದ ಮೇಲೆ ಕಾಲಿಡಬೇಕಲ್ಲ ಎಂದು ಅವಳು ಮೊದಲು ಹಾಳೆಗೆ ಬಾಗಿ ನಮಸ್ಕಾರ ಮಾಡಿದಳು. ಅದರ ಕೆಳಗೆ 'ಹೇಳಿದಂತೆ ಬರೆದು, ಓದಿ ಹೇಳಿ, ಸರಿ ಎಂದು ಒಪ್ಪಿದ ಮೇಲೆ' ಎಂದು ಬರೆದು ನನ್ನ ಸಹಿ ಎಳೆದೆ.

ಠಾಣೆಯಲ್ಲಿ ದಫೇದಾರ್ ಜಮಾಲ್ ಸಾಬ್ ಇದ್ದರು. ಒಳ್ಳೆಯ ಮನುಷ್ಯ. ಹಂಪವ್ವನಿಗೆ ಬೆಂಚು ಕೊಟ್ಟು, ನೀರು ತರಿಸಿ ಮರಿಯವ್ವನ ಕೈಯಿಂದ ಕುಡಿಸಿದರು. "ಹಾಲೇಶಪ್ಪೋರೇ, ನಿಮ್ಮ ಬರಹ ಬಂದ್ರೆ ನಮಗೆ ಕೆಲಸಾನೇ ಇರಂಗಿಲ್ಲ ನೋಡ್ರಿ" ಎನ್ನುತ್ತಾ ದೂರನ್ನು ಅಕ್ಷರ ಬಿಡದಂತೆ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು. ಅವಳ ಹೇಳಿಕೆಯನ್ನೂ ಅದನ್ನೇ ನೋಡಿ ಬರೆದರು. ಕಣ್ಣಿಲ್ಲದವಳು ಎದುರಿಗೇ ಕೂತಿದ್ದಳು. ಕಣ್ಣಿದ್ದ ನಾವಿಬ್ಬರು 'ಕಣ್ಣಾರೆ ಕಂಡು' ಎಂಬುದನ್ನು ಎರಡು ಕಡೆ ಬರೆದು ಮುಗಿಸಿದೆವು.

ಕೆಂಚವೀರಪ್ಪನನ್ನು ಹಿಡಿದರು. ಎಂಟು ದಿನಕ್ಕೆ ಜಾಮೀನಿನ ಮೇಲೆ ಬಂದ. ಹತ್ತನೆಯ ದಿನ ಮತ್ತೆ ಜಿನ್ನಿನಲ್ಲಿ ಅಂಡಿಗೆ ಇಳಿಸುತ್ತಿದ್ದ. ಸಾಹುಕಾರರೇ ಅವನಿಗೆ ದಾವಣಗೆರೆಯ ದೊಡ್ಡ ವಕೀಲರನ್ನು ಹಿಡಿದುಕೊಟ್ಟರು. ಹಂಪವ್ವ ಮನೆಯಲ್ಲಿ ಕೂತಳು. ಪಟ್ಟಿ ಬಿಚ್ಚಿದಾಗ ಉಳಿದ ಬೆರಳುಗಳು ಬಾಗಿ ಒಣಗಿದ್ದವು. ಊಟವನ್ನು ಅಕ್ಕ ಕಲಸಿ ಬಾಯಿಗೆ ಇಡಬೇಕು. ಆದರೂ ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಅಣ್ಣಾ, ಕೇಸು ಯಾವಾಗ? ನಾ ಹೇಳಿದ್ದು ಖರೇ ಅಂತ ಸಾಹೇಬ್ರು ಒಮ್ಮೆ ಅನ್ನಬೇಕು, ಅಷ್ಟೇ. ಅವನಿಗೆ ಶಿಕ್ಷೆ ಆಗೋದು ಬಿಡೋದು ಶಿವನಿಗೆ ಬಿಟ್ಟಿದ್ದು." ಜಿನ್ನಿನವರೆಲ್ಲ, ಕುರುಡಿ ಕತ್ತಲಲ್ಲಿ ಯಾರದೋ ಕೈಗೆ ಸಿಕ್ಕು ಮೇಸ್ತ್ರಿಯ ಮೇಲೆ ಹಾಕುತ್ತಿದ್ದಾಳೆ ಎಂದು ಆಡಿಕೊಳ್ಳುತ್ತಿದ್ದರು. ಅವಳ ಬೆರಳನ್ನು ನಂಬಿ ವ್ಯಾಪಾರ ಮಾಡಿದ್ದ ಜನವೇ ಹಾಗೆ ಹೇಳುತ್ತಿದ್ದರು. ಅದು ಅವಳನ್ನು ತಿಂದುಹಾಕುತ್ತಿತ್ತು.

ಮರುವರ್ಷ ದಾವಣಗೆರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಿಚಾರಣೆ ಬಂತು. ಅರ್ಜಿ ಬರೆದವನೆಂದು ನನಗೂ ಸಮನ್ಸ್ ಬಂದಿತ್ತು. ಬೆಳಗಿನ ರೈಲಿನಲ್ಲಿ ಮೂವರೂ ಹೋದೆವು. ದಾರಿಯುದ್ದಕ್ಕೂ ಹಂಪವ್ವ ಮನಸ್ಸಿನಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತಾ ಆ ಒಂದು ಸಾಲನ್ನು ಯಾರೂ ಗಮನಿಸದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕೆಂಚವೀರಪ್ಪನ ವಕೀಲರು ಗಮನಿಸಿದ್ದು ಅದೊಂದನ್ನೇ. ಪಾಟೀಸವಾಲಿಗೆ ಎದ್ದವರು ಬೇರೆ ಏನನ್ನೂ ಕೇಳಲಿಲ್ಲ. ದೂರನ್ನು ಎತ್ತಿ ಹಿಡಿದು, "ಆರೋಪಿಯನ್ನು ಕಣ್ಣಾರೆ ಕಂಡು ಗುರುತಿಸಿದ್ದೇನೆ ಎಂದು ಇದರಲ್ಲಿದೆ. ಇದು ನಿಜವೋ ಸುಳ್ಳೋ?" ಎಂದರು.

"ನನಗ ಕಣ್ಣಿಲ್ಲ ಸ್ವಾಮಿ" ಎಂದಳು ಹಂಪವ್ವ.

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಬೆಂಚ್ ಗುಮಾಸ್ತನೂ ತಲೆ ತಗ್ಗಿಸಿ ನಕ್ಕ.

"ಹಾಗಾದರೆ ದೂರು ಸುಳ್ಳು."

"ದೂರು ಖರೇ ಐತೆ ಸ್ವಾಮಿ. ಆ ಮಾತು ನಾ ಹೇಳಿದ್ದಲ್ಲ. ಅರ್ಜಿ ಬರೆಯೋ ಹಾಲೇಶಣ್ಣಾರು ಬರೆದ್ರು. ಇದು ಯಾಕ ಅಂತ ನಾ ಅವತ್ತೇ ಕೇಳಿದ್ದೆ."

ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕೂಗಿದರು. ವಕೀಲರು ನನ್ನ ಸಹಿಯನ್ನು ತೋರಿಸಿ, ಅದರ ಮೇಲಿನ ಸಾಲನ್ನು ಕೋರ್ಟಿಗೆಲ್ಲ ಕೇಳುವ ಹಾಗೆ ನನ್ನಿಂದಲೇ ಓದಿಸಿದರು. 'ಅರ್ಜಿದಾರರು ಹೇಳಿದಂತೆ ಬರೆದು, ಓದಿ ಹೇಳಿ, ಸರಿ ಎಂದು ಒಪ್ಪಿದ ಮೇಲೆ.' ಆಮೇಲೆ ಬಹಳ ಮೆತ್ತಗೆ ಕೇಳಿದರು: "ಲೈಸೆನ್ಸ್ ಎಷ್ಟು ವರ್ಷದ್ದು?"

"ಹದಿನಾಲ್ಕು."

"ಕಕ್ಷಿದಾರರು ಹೇಳದ ಮಾತನ್ನು ನೀವೇ ಸೇರಿಸಿ ಬರೆಯುವ ಅಭ್ಯಾಸ ಉಂಟೋ?"

ಹೌದು ಎನ್ನಬೇಕಿತ್ತು. ಒಂದೇ ಪದ. ಆದರೆ ಹೌದು ಎಂದರೆ ಹದಿನಾಲ್ಕು ವರ್ಷದ ನನ್ನ ಎಲ್ಲ ಅರ್ಜಿಗಳ ಮೇಲೂ ಮಣ್ಣು ಬೀಳುತ್ತಿತ್ತು, ಲೈಸೆನ್ಸ್ ಹೋಗುತ್ತಿತ್ತು. ಹರಿಹರದ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ನಾನು ಹೇಡಿ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಇಲ್ಲ ಸ್ವಾಮಿ" ಎಂದೆ. "ಆಕೆ ಹೇಳಿದಂತೆಯೇ ಬರೆದಿದ್ದೇನೆ."

ಹಂಪವ್ವ ಗೋಡೆಯ ಪಕ್ಕ ನಿಂತಿದ್ದಳು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ನಾನು ಸಾಕ್ಷಿಕಟ್ಟೆಯಿಂದ ಇಳಿದು ಆ ಮುಖ ಕಾಣದ ಜಾಗ ಹುಡುಕಿ ನಿಂತೆ.

ಸರ್ಕಾರದ ಪರ ಕೇಸು ನಡೆಸುತ್ತಿದ್ದ ಇನ್ಸ್‌ಪೆಕ್ಟರಿಗೆ ಅಂದು ಇನ್ನೂ ಒಂಬತ್ತು ಕೇಸುಗಳಿದ್ದವು. ಅವರು ಫೈಲಿಗೆ ದಾರ ಕಟ್ಟಲು ಶುರುಮಾಡಿದರು. ಆದರೆ ಮ್ಯಾಜಿಸ್ಟ್ರೇಟರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಪಿಂಚಣಿಗೆ ಬಂದಿದ್ದ ವಯಸ್ಸು, ದಪ್ಪ ಕನ್ನಡಕ. ಅದನ್ನು ತೆಗೆದು ಒರೆಸಿಕೊಳ್ಳುತ್ತಾ, "ಅಮ್ಮಾ, ಕಣ್ಣಿಲ್ಲದೆ ಅವನೇ ಎಂದು ಹೇಗೆ ಹೇಳುತ್ತೀಯ?" ಎಂದು ತಾವೇ ಕೇಳಿದರು.

ಅವಳು ಹೇಳಿದಳು. ನನಗೆ ಮರದ ಕೆಳಗೆ ಹೇಳಿದ್ದನ್ನೇ ಹೇಳಿದಳು. ಗಂಟು, ಅದರಲ್ಲಿನ ಸೀಳು, ಮೊದಲು ತಾಗುವ ಬೆರಳ ತುದಿ. ಯಾರೂ ನಗಲಿಲ್ಲ. ಇದೇ ಮಾತು ದೂರಿನಲ್ಲಿ ಇದ್ದಿದ್ದರೆ, ಪೊಲೀಸರು ಅಂದೇ ಹೋಗಿ ಅವನ ಕೈ ನೋಡಿ ಆ ಸೀಳನ್ನು ಬರೆದುಕೊಳ್ಳುತ್ತಿದ್ದರು. ವರ್ಷದೊಳಗೆ ಅದು ಸವೆದುಹೋಗಿತ್ತು. ಮ್ಯಾಜಿಸ್ಟ್ರೇಟರು ಕೆಂಚವೀರಪ್ಪನನ್ನು ಹತ್ತಿರ ಕರೆಸಿ ಕೈ ನೋಡಿದರು. ಗಂಟಿತ್ತು, ಸೀಳಿರಲಿಲ್ಲ.

"ಅಂಥ ಗಂಟು ಜಿನ್ನಿನ ಹಮಾಲರಿಗೆಲ್ಲ ಇದೆ. ಹೊರಗೆ ನಾಲ್ವರು ನಿಂತಿದ್ದಾರೆ, ಬೇಕಾದರೆ ಕರೆಸುತ್ತೇನೆ" ಎಂದರು ವಕೀಲರು.

"ಕರೆಸಿ" ಎಂದರು ಮ್ಯಾಜಿಸ್ಟ್ರೇಟರು. "ಐದು ಕೈ ಮುಟ್ಟಿಸಿದರೆ ಹೇಳಬಲ್ಲೆಯಾ ಅಮ್ಮಾ?"

"ಹೇಳ್ತಾಳೆ ಸ್ವಾಮಿ, ನಮ್ಮ ಹಂಪಿ ಹೇಳ್ತಾಳೆ" ಎಂದು ಮರಿಯವ್ವ ಹಿಂದಿನಿಂದ ಕೂಗಿದಳು. ಹಂಪವ್ವ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಹೊರಗೆ ತೆಗೆದು "ಪ್ರಯತ್ನ ಮಾಡ್ತೀನಿ ಸ್ವಾಮಿ" ಎಂದಳು.

ವಕೀಲರು ಆಕ್ಷೇಪಣೆ ಎತ್ತಲೇ ಇಲ್ಲ. ಅವರು ಬೆಳಿಗ್ಗೆಯಿಂದ ಅವಳ ಬೆರಳುಗಳನ್ನೇ ನೋಡುತ್ತಿದ್ದರು.

ಐದು ಜನ ಸಾಲಾಗಿ ನಿಂತು ಬಲಗೈ ಚಾಚಿದರು. ಕೆಂಚವೀರಪ್ಪ ಮೂರನೆಯವನು. ಹಂಪವ್ವ ಮೊದಲನೆಯ ಕೈಯನ್ನು ತನ್ನ ಬಾಗಿದ ಬೆರಳುಗಳಿಂದ ಸವರಿದಳು. ಎರಡನೆಯದನ್ನೂ ಹಾಗೆಯೇ. ಹಿಂದೆಲ್ಲ ಒಂದು ಕ್ಷಣ ಸಾಕಾಗುತ್ತಿದ್ದವಳಿಗೆ ಒಂದೊಂದು ಕೈಗೂ ಎರಡು ಮೂರು ನಿಮಿಷ ಹಿಡಿಯಿತು. ಬೆರಳು ಕೇಳದೆ ಮಣಿಕಟ್ಟಿನಿಂದ, ಮುಂಗೈಯಿಂದ ಉಜ್ಜಿ ನೋಡುತ್ತಿದ್ದಳು. ಹಣೆಯ ಮೇಲೆ ಬೆವರು ಬಂದಿತ್ತು. ಅವಳಿಗೆ ಏನೂ ಗೊತ್ತಾಗುತ್ತಿಲ್ಲ ಎಂದು ನನಗೆ ಗೊತ್ತಾಯಿತು.

ಅವಳು ಮೂರನೆಯ ಕೈ ಹಿಡಿದಾಗ ನಾನು ಕೆಮ್ಮಿದೆ.

ನಶ್ಯ ಹಾಕಿರಲಿಲ್ಲ. ಬೇಕೆಂದೇ ಕೆಮ್ಮಿದೆ. ಹಂಪವ್ವನ ಕೈ ನಿಂತಿತು. ಆ ಕೆಮ್ಮು ಅವಳಿಗೆ ಗೊತ್ತು. ಅವಳ ಮುಖ ನೋಡಿದರೆ ನಾನು ಹೇಳಿದ್ದು ತಲುಪಿತು ಎಂದು ತಿಳಿಯುತ್ತಿತ್ತು. ಅನುಮಾನ ಉಳಿಯಬಾರದೆಂದು ಇನ್ನೊಮ್ಮೆ ಕೆಮ್ಮಿದೆ. ಇವನೇ ಎಂದುಬಿಡು ತಂಗಿ, ನಾನು ಕೆಡಿಸಿದ್ದನ್ನು ಇಷ್ಟರಿಂದಾದರೂ ಸರಿಮಾಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಆ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಟ್ಟು, ನಾಲ್ಕನೆಯದಕ್ಕೆ ಹೋದಳು. ಆಮೇಲೆ ಐದನೆಯದು.

"ಗೊತ್ತಾಗ್ತಿಲ್ಲ ಸ್ವಾಮಿ" ಎಂದಳು. "ನನ್ನ ಬೆರಳು ಸತ್ತಾವೆ."

"ಯಾರನ್ನೂ ಗುರುತಿಸಲಾಗುವುದಿಲ್ಲವೇ?"

"ಒಬ್ಬನ ಕೈ ಹಿಡಿದು ಇವನೇ ಅಂದುಬಿಡಬೌದು ಸ್ವಾಮಿ. ಆದ್ರ ಅದು ನನ್ನ ಬೆರಳು ಹೇಳಿದ್ದು ಆಗಂಗಿಲ್ಲ. ಪ್ರಮಾಣ ಮಾಡೀನಿ."

ಮ್ಯಾಜಿಸ್ಟ್ರೇಟರು ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಆ ಕೋರ್ಟಿನಲ್ಲಿ ಅಂದು ಮಾಡಿದ ಪ್ರಮಾಣವನ್ನು ಉಳಿಸಿಕೊಂಡವಳು ಅವಳೊಬ್ಬಳೇ. ಸುಳ್ಳುಗಾತಿ ಎಂದು ದಾಖಲಾಗುವುದೂ ಅವಳದೇ ಹೆಸರು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಹದಿನೈದು ದಿನ ಬಿಟ್ಟು ತೀರ್ಪಿಗೆ ಮತ್ತೆ ಹೋದೆವು. ಮ್ಯಾಜಿಸ್ಟ್ರೇಟರು ಓದಿದರು: ದೂರಿನಲ್ಲಿ ಆಗಲು ಸಾಧ್ಯವೇ ಇಲ್ಲದ ಮಾತಿದೆ. ಅದು ತನ್ನದಲ್ಲವೆಂದು ದೂರುದಾರಳು ಹೇಳಿದರೂ, ಯಾವ ದ್ವೇಷವೂ ಇಲ್ಲದ ಲೈಸೆನ್ಸುದಾರ ಬರಹಗಾರ ಅದನ್ನು ಅಲ್ಲಗಳೆದಿದ್ದಾನೆ. ನ್ಯಾಯಾಲಯ ತಾನಾಗಿ ಕೊಟ್ಟ ಅವಕಾಶದಲ್ಲೂ ಆಕೆ ಆರೋಪಿಯನ್ನು ಗುರುತಿಸಲಿಲ್ಲ. ಆಕೆಯ ಸ್ಥಿತಿಗೆ ನ್ಯಾಯಾಲಯ ಮರುಗುತ್ತದೆ. ಆದರೂ ಸಂಶಯದ ಲಾಭವನ್ನು ಆರೋಪಿಗೆ ಕೊಟ್ಟು ಖುಲಾಸೆ ಮಾಡಲಾಗಿದೆ. ಕೆಂಚವೀರಪ್ಪ ಮೆಟ್ಟಿಲಿಳಿಯುವಾಗ ಹಮಾಲರು ಅವನ ಕೊರಳಿಗೆ ಹಾರ ಹಾಕಿದರು.

ಹರಿಹರದ ರೈಲಿಗೆ ಇನ್ನೂ ಹೊತ್ತಿತ್ತು. ದಾವಣಗೆರೆ ಸ್ಟೇಷನ್ನಿನ ಕೊನೆಯ ಬೆಂಚಿನಲ್ಲಿ ಅಕ್ಕತಂಗಿಯರು ಕೂತಿದ್ದರು. ಹತ್ತಿರ ಹೋಗಲು ಧೈರ್ಯವಾಗದೆ ದೂರದಲ್ಲೇ ನಿಂತಿದ್ದೆ. ಹಾಳು ಕೆಮ್ಮು ಬಂದುಬಿಟ್ಟಿತು.

"ಬರ್ರಿ ಹಾಲೇಶಣ್ಣ, ಕೂಡ್ರಿ" ಎಂದಳು ಹಂಪವ್ವ. ಮರಿಯವ್ವ ಎದ್ದು ಆಚೆ ಹೋದಳು.

ಕೂತೆ. "ತಪ್ಪಾತು ತಂಗಿ" ಎಂದೆ.

"ಯಾವುದಕ್ಕಣ್ಣ? ಬರೆದದ್ದಕ್ಕೋ, ಕೋರ್ಟಿನಾಗ ಹೇಳಿದ್ದಕ್ಕೋ, ಕೆಮ್ಮಿದ್ದಕ್ಕೋ?"

"ಮೂರಕ್ಕೂ."

"ಬರೆದದ್ದು ಬಿಡ್ರಿ, ಅದು ನಿಮ್ಮ ಕೈಗೆ ರೂಢಿ ಆಗೈತೆ. ಕೆಮ್ಮಿದ್ದೂ ಬಿಡ್ರಿ, ನನ್ನ ಸಲುವಾಗೇ ಕೆಮ್ಮಿದ್ರಿ. ನಡುವಿಂದು..." ಎಂದು ಅಲ್ಲಿಗೇ ಬಿಟ್ಟಳು. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಮೂರನೇದು ಅವಂದೇ ಅಂತ ನಿಮ್ಮ ಕೆಮ್ಮಿನಿಂದ ತಿಳೀತು. ಆ ಕೈ ಹಿಡಕೊಂಡು ನಿಂತಿದ್ದೆ ಅಣ್ಣ. ಏನೂ ಅನ್ನಿಸ್ಲಿಲ್ಲ. ಕಟ್ಟಿಗೆ ಹಿಡಿದಂಗಿತ್ತು" ಎಂದಳು. ಆಗ ಅತ್ತಳು. ಆಸ್ಪತ್ರೆಯಿಂದ ಬಂದ ದಿನವೂ ಅವಳು ಅತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳಲು ಸೆರಗು ಹಿಡಿಯಲಾಗದೆ ಭುಜಕ್ಕೆ ಮುಖ ಒತ್ತಿಕೊಂಡಳು. ನಾನೂ ಅತ್ತೆ, ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

"ಕಾಗದ ಐತೇನು ನಿಮ್ಮ ಹತ್ರ?" ಎಂದಳು.

"ಐತೆ."

"ನಾ ಹೇಳಿದ್ದು ಹೇಳಿದಂಗ ಬರೀರಿ."

"ಯಾರಿಗಂತ ಬರೀಲಿ? ಮೇಲಿನ ಕೋರ್ಟಿಗಾ?"

"ಯಾರಿಗೂ ಬ್ಯಾಡ. ಸುಮ್ನೆ ಬರೀರಿ."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರೆದೆ. ನಾಲ್ಕು ಸಾಲು. ನನ್ನ ಅಕ್ಷರ ಅಷ್ಟು ಕೆಟ್ಟದಾಗಿ ಹಿಂದೆ ಯಾವತ್ತೂ ಬಂದಿರಲಿಲ್ಲ. ಓದಿ ಹೇಳಿದೆ. ಒಂದು ಕಡೆ ನಾನು ನನ್ನ ಚಾಳಿಯಂತೆ 'ಸದರಿ' ಎಂದು ಸೇರಿಸಿದ್ದೆ, ತೆಗೆಸಿದಳು. ಹೊಡೆದು ಹಾಕಿದೆ, ಚಿತ್ತಾಯಿತು. ಮತ್ತೆ ಓದಿಸಿಕೊಂಡು "ಹೂಂ, ಸರಿ ಐತೆ" ಎಂದಳು. ಪ್ಲಾಟ್‌ಫಾರಂ ಕಲ್ಲಿನ ಮೇಲೆ ಹಾಳೆ ಇಟ್ಟು ಎಡಗಾಲಿನ ಹೆಬ್ಬೆರಳಿನ ಗುರುತು ಹಾಕಿಸಿದೆ. ಕೈಗಳಿಗೆ ಪಟ್ಟಿಯಿರಲಿಲ್ಲ, ಆದರೂ ಅವಳು ಕಾಲನ್ನೇ ಮುಂದೆ ಚಾಚಿದಳು. ಅಷ್ಟರಲ್ಲಿ ರೈಲು ಬಂತು.

ಅದಾದ ಮೇಲೂ ನಾನು ಎಂಟು ವರ್ಷ ಅರ್ಜಿ ಬರೆದೆ. ಲೈಸೆನ್ಸ್ ಉಳಿದಿತ್ತಲ್ಲ. ಹಂಪವ್ವ ನನ್ನ ಮರದ ಕೆಳಗೆ ಮತ್ತೆ ಬರಲಿಲ್ಲ. ಅರವತ್ಮೂರರಲ್ಲಿ ತೀರಿಕೊಂಡಳು. ಅವಳ ಕಾಗದ ನನ್ನ ಟ್ರಂಕಿನಲ್ಲಿದೆ. ವಿಳಾಸವಿಲ್ಲ, ಸ್ಟಾಂಪಿಲ್ಲ, ಯಾವ ಕಚೇರಿಯೂ ಅದನ್ನು ತೆಗೆದುಕೊಳ್ಳುವುದಿಲ್ಲ. ಅದರಲ್ಲಿರುವುದು ಇಷ್ಟು:

'ನಾನು ಹಂಪವ್ವ. ನನಗ ಕಣ್ಣಿಲ್ಲ. ನಾ ಯಾರನ್ನೂ ಕಂಡಿಲ್ಲ. ಕೆಂಚವೀರಪ್ಪನ ಕೈ ಅಂತ ನನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದ ಕೈ ಈಗಿಲ್ಲ.'

ಅದರ ಕೆಳಗೆ, ಅರ್ಜಿದಾರರು ಹೇಳಿದಂತೆ ಬರೆದು, ಓದಿ ಹೇಳಿ, ಸರಿ ಎಂದು ಒಪ್ಪಿದ ಮೇಲೆ ರುಜು ಪಡೆಯಲಾಗಿದೆ ಎಂದು ಬರೆದು ಸಹಿ ಹಾಕಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಆ ಸಾಲನ್ನು ಯೋಚಿಸಿ ಬರೆದದ್ದು ಅದೊಂದೇ ಸಲ.